ಬಿಸಿನೀರಿನ ಅಪಸ್ಮಾರ: ಒಂದು ವಿವೇಚನೆ

ಮೈಸೂರು ಸೀಮೆಯ ಗೃಹಕೃತ್ಯಗಳಲ್ಲಿ ಅಭ್ಯಂಜನಕ್ಕೆ ಇರುವ ಸ್ಥಾನ ಸಾಮಾನ್ಯವಾದುದಲ್ಲ. ಬೆಟ್ಟದಪುರವೇ ಆಗಲಿ, ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವುದೇ ಹಳ್ಳಿಯಾಗಲಿ, ದೀಪಾವಳಿಯ ನೀರು ತುಂಬುವ ಹಬ್ಬ ಬಂದಿತೆಂದರೆ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಹೂವೇರಿಸಿ, ಪೂಜಿಸಿ ನೀರು ತುಂಬುವುದುಂಟು. ಹಬ್ಬವಲ್ಲದ ದಿನಗಳಲ್ಲಿಯೂ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮಕ್ಕಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಿಕ್ಕಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಹೊಯ್ಯುವುದು ತಾಯಂದಿರ ವಾತ್ಸಲ್ಯದ ಒಂದು ರೂಪವೇ ಆಗಿದೆ. ನೀರು ಬಿಸಿಯಾದಷ್ಟೂ ಮೈಗೆ ಒಳ್ಳೆಯದು ಎಂಬ ನಂಬಿಕೆಯೂ ಅದರೊಡನೆ ಸೇರಿಕೊಂಡಿದೆ. ಈಚೆಗೆ ಹಲವು ಮನೆಗಳಲ್ಲಿ ತಾಮ್ರದ ಹಂಡೆಯ ಜಾಗಕ್ಕೆ ಗೀಸರು ಬಂದಿದೆ. ಚೊಂಬು ಹೋಗಿ ಪ್ಲಾಸ್ಟಿಕ್ ಮಗ್ಗು ಬಂದಿದೆ. ತಲೆಗೆ ಬಿಸಿನೀರು ಹೊಯ್ಯುವ ಕ್ರಮ ಮಾತ್ರ ಹೋಗಿಲ್ಲ. ಹೋಗಬೇಕಾದ ಕಾರಣವೂ ಇಲ್ಲ.

ಆದರೆ ಪ್ರಪಂಚದ ವೈದ್ಯಗ್ರಂಥಗಳಲ್ಲಿ ದಕ್ಷಿಣ ಕರ್ನಾಟಕದ ಹೆಸರನ್ನು ನಿಲ್ಲಿಸಿದ ಸಂಗತಿಗಳಲ್ಲಿ ಈ ಬಚ್ಚಲಿನ ಸ್ನಾನವೂ ಒಂದೆಂಬುದು ಅನೇಕರಿಗೆ ತಿಳಿದಿರಲಾರದು. ಕೆಲವು ಮಕ್ಕಳಿಗೆ, ಕೆಲವು ಸಲ ವಯಸ್ಕರಿಗೂ, ಬಿಸಿನೀರು ತಲೆಯ ಮೇಲೆ ಬಿದ್ದಾಗಲೇ ಅಪಸ್ಮಾರದ ಆಘಾತವುಂಟಾಗುತ್ತದೆ. ಉಳಿದ ವೇಳೆಯಲ್ಲಿ ಆಡಿಕೊಂಡು ಓದಿಕೊಂಡು ಎಲ್ಲರಂತೆಯೇ ಇರುವ ಮಗು, ನಾಲ್ಕೈದು ಚೊಂಬು ನೀರು ಬಿದ್ದೊಡನೆ ಅಥವಾ ಸ್ನಾನ ಮುಗಿಯುವ ಹೊತ್ತಿಗೆ ಕಣ್ಣು ನೆಟ್ಟು ಮಂಕಾಗಿ ಕುಳಿತುಬಿಡುತ್ತದೆ. ಅಸಂಬದ್ಧವಾಗಿ ಏನನ್ನೋ ನುಡಿಯುತ್ತದೆ. ಇಲ್ಲದ ದೃಶ್ಯ ಕಂಡಂತೆ, ಇಲ್ಲದ ಸದ್ದು ಕೇಳಿದಂತೆ ಬೆದರುತ್ತದೆ. ಕೆಲವರು ಬಿದ್ದು ಕೈಕಾಲು ಬಡಿಯುವುದೂ ಉಂಟು. ಎಲ್ಲಕ್ಕಿಂತ ವಿಚಿತ್ರವಾದುದೆಂದರೆ, ಕೆಲವರಿಗೆ ಆ ಕ್ಷಣದಲ್ಲಿ ಒಂದು ಬಗೆಯ ಸುಖಾನುಭವವಾಗಿ, ಕೈಯಲ್ಲಿದ್ದ ಚೊಂಬನ್ನು ಬಿಡದೆ ಮೇಲಿಂದ ಮೇಲೆ ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಹೊರಗೆ ನಿಂತ ಹಿರಿಯರು ಅದನ್ನು ತುಂಟತನವೆಂದು ಗದರುತ್ತಾರೆ. ಒಂದೆರಡು ನಿಮಿಷದಲ್ಲಿ ಎಲ್ಲವೂ ಮುಗಿದು, ಮಗು ಎದ್ದು ಮೈ ಒರೆಸಿಕೊಂಡು ಊಟಕ್ಕೆ ಕೂತರೆ ವೈದ್ಯರ ನೆನಪಾದರೂ ಯಾರಿಗೆ ಬಂದೀತು?

ಇಂಥ ಒಂದು ಪ್ರಕರಣವನ್ನು ಮೊದಲು ಬರೆದಿಟ್ಟುದು 1945ರಲ್ಲಿ, ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿ ಅದು ಒಬ್ಬ ಬಾಲಕನ ಅಪೂರ್ವ ಕಥೆಯಾಗಿತ್ತು. ಅದು ಅಪೂರ್ವವಲ್ಲ, ಒಂದು ಸೀಮೆಯ ಜನರಲ್ಲಿ ಮತ್ತೆ ಮತ್ತೆ ಕಾಣುವ ವ್ಯಾಧಿವಿಶೇಷವೆಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು. 1968ರಲ್ಲಿ ಅವರ ಮೊದಲ ಲೇಖನ ಹೊರಬಂದಿತು. 1974ರ ಹೊತ್ತಿಗೆ 108 ರೋಗಿಗಳ ವೃತ್ತಾಂತ ಅವರ ಬಳಿ ಸೇರಿತ್ತು. ಆಮೇಲೆ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮೊದಲಾದವರು 1988ರಲ್ಲಿ 279 ಜನರ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಗಂಡುಮಕ್ಕಳ ಪಾಲು ನೂರಕ್ಕೆ ಎಪ್ಪತ್ತರ ಸುತ್ತಿನದು. ತುರ್ಕಿ ದೇಶದಿಂದಲೂ ಇಂಥ ವರದಿಗಳು ಬಂದಿವೆ. ಅಲ್ಲಿಯೂ ಬೋಗುಣಿಯಿಂದ ತಲೆಗೆ ನೀರು ಸುರಿದುಕೊಳ್ಳುವ ಪದ್ಧತಿಯಿದೆ. ಕರ್ನಾಟಕದಲ್ಲಿ ಹೀಗೆ ಹೊಯ್ಯುವ ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಎಂದು ವೈದ್ಯರು ಅಳೆದಿದ್ದಾರೆ. ಬರಿಯ ಬಿಸಿಯೇ ಕಾರಣವಲ್ಲ, ಬಿಸಿನೀರು ನೆತ್ತಿಯ ಮೇಲೆ ವೇಗದಿಂದ ಎಡೆಬಿಡದೆ ಬೀಳುವುದೂ ಮುಖ್ಯ ಎಂಬುದು ಅವರ ಅಭಿಪ್ರಾಯ. ಅದೇ ನೀರನ್ನು ಮೈಗೆ ಮಾತ್ರ ಹೊಯ್ದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಅಪಸ್ಮಾರವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗಿನ ಎಣಿಕೆ. ಅವುಗಳ ನಡುವೆ ನಡೆಯುವ ಅತ್ಯಲ್ಪ ವಿದ್ಯುತ್ತಿನ ಸಂಚಾರವೇ ನೋಟ, ನುಡಿ, ನೆನಪು, ಚಲನೆಗಳ ಮೂಲ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ಈ ಸ್ಪಂದನವನ್ನು ಮೊಟ್ಟಮೊದಲು ಗೆರೆಗಳಾಗಿ ದಾಖಲಿಸಿದನು, ಇ.ಇ.ಜಿ. ಪರೀಕ್ಷೆ ಹುಟ್ಟಿದ್ದು ಹಾಗೆ. ಸ್ವಸ್ಥವಾದ ಮಿದುಳು ಒಂದು ಒಳ್ಳೆಯ ಸಭೆಯಂತೆ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಾರೆ. ಅಸಂಖ್ಯಾತ ನರಕೋಶಗಳು ಒಮ್ಮೆಗೇ ಒಂದೇ ಲಯದಲ್ಲಿ ಕೂಗತೊಡಗಿದರೆ ಅದೇ ಆಘಾತ. ಆ ಕೂಗಿನಲ್ಲಿ ಪಿಶಾಚವೂ ಇಲ್ಲ, ಪಾಪಫಲವೂ ಇಲ್ಲ.

ಕೆಲವರಲ್ಲಿ ಮಾತ್ರ ಬಿಸಿನೀರು ಈ ಕೋಲಾಹಲವನ್ನು ಎಬ್ಬಿಸುವುದೇಕೆ? ಒಂದೇ ವಂಶದಲ್ಲಿ ಹಲವರಿಗೆ ಇದು ಕಾಣಿಸಿಕೊಳ್ಳುವುದರಿಂದ ಅನುವಂಶಿಕ ಕಾರಣವನ್ನು ಸಂಶೋಧಕರು ಹುಡುಕುತ್ತ ಬಂದಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಅವರ ಶಿಷ್ಯರು ನಿಮ್ಹಾನ್ಸ್ ವೈದ್ಯರೊಡಗೂಡಿ ಇಂಥ ಕುಟುಂಬಗಳನ್ನು ಅಭ್ಯಸಿಸಿದರು. 2009ರಲ್ಲಿ ಹತ್ತನೆಯ ವರ್ಣತಂತುವಿನ ಒಂದು ಭಾಗದತ್ತ ಅವರ ಬೆರಳು ನಿಂತಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನಿನಲ್ಲಿ ಕೆಲವು ಅಪರೂಪದ ವ್ಯತ್ಯಾಸಗಳನ್ನು ಅವರು ಗುರುತಿಸಿದರು. ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ದ್ರವ್ಯವನ್ನು ಕೆಲಸ ಮುಗಿದ ಮೇಲೆ ಎಳೆದುಕೊಂಡು ತೆರವು ಮಾಡುವ ಒಂದು ಪ್ರೋಟೀನು ಆ ಜೀನಿನ ಸೃಷ್ಟಿ. ತೆರವು ಸರಿಯಾಗಿ ನಡೆಯದಿದ್ದರೆ ಉದ್ರೇಕ ಉಳಿದುಬಿಡುತ್ತದೆಂಬುದು ಊಹಿಸತಕ್ಕ ವಿಷಯ. ಎಲ್ಲ ರೋಗಿಗಳಿಗೂ ಇದೊಂದೇ ಕಾರಣವಲ್ಲ. ಒಂದು ಬೀಗಕ್ಕೆ ಹಲವು ಕೀಲಿಗಳಿರುವಂತೆ ಇಲ್ಲಿಯೂ ಹಲವು ಜೀನುಗಳ ಕೈವಾಡವಿದೆ.

ಈ ನಡುವೆ ಮಿದುಳಿನ ಮಾದರಿಯಲ್ಲಿ ಗಣಕಯಂತ್ರಗಳನ್ನು ನಿರ್ಮಿಸುವ ಪ್ರಯತ್ನವೂ ಬೆಂಗಳೂರಿನಲ್ಲಿಯೇ ನಡೆದಿದೆ. ಮಿದುಳು ಇಷ್ಟೆಲ್ಲ ವ್ಯಾಪಾರವನ್ನು ಸುಮಾರು 20 ವ್ಯಾಟ್ ಶಕ್ತಿಯಲ್ಲಿ, ಎಂದರೆ ಒಂದು ಸಣ್ಣ ದೀಪ ಉರಿಯುವಷ್ಟರಲ್ಲಿ, ನಡೆಸಿಬಿಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಸಂಗಡಿಗರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ ಅಣುಪದರದ ಸಾಧನವೊಂದು 16,500ಕ್ಕೂ ಮಿಕ್ಕ ಭಿನ್ನ ಸ್ಥಿತಿಗಳನ್ನು ಹಿಡಿದಿಡಬಲ್ಲುದು. ಸಾಮಾನ್ಯ ಗಣಕದ ಕಣಕ್ಕೆ ತಿಳಿದಿರುವುದು ಸೊನ್ನೆ, ಒಂದು ಎಂಬ ಎರಡೇ ಸ್ಥಿತಿ. ಇದು ಹೆಮ್ಮೆಪಡತಕ್ಕ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಇ.ಇ.ಜಿ.ಯ ಗೆರೆಗಳನ್ನು ಓದಿ ಆಘಾತವನ್ನು ಗುರುತಿಸುವ ವಿದ್ಯೆಯನ್ನೂ ಗಣಕಗಳಿಗೆ ಕಲಿಸಲಾಗುತ್ತಿದೆ. ಆದರೆ ಯಂತ್ರವು ಕಲಿಯುವುದು ತನ್ನ ಮುಂದೆ ಇಟ್ಟ ದಾಖಲೆಯಿಂದ ಮಾತ್ರ. ಬಚ್ಚಲಿನಲ್ಲಿ ನಡೆದು ಬಚ್ಚಲಿನಲ್ಲಿಯೇ ಮುಗಿದುಹೋದ ಸಂಗತಿ ಯಾವ ದಾಖಲೆಗೂ ಬಾರದು. 1968ರಲ್ಲಿಯೇ ಅಚ್ಚಾದ ವಿಷಯವು ಇನ್ನೂ ಹಂಡೆಯ ಬಳಿ ನಿಂತ ತಾಯಿಯ ಕಿವಿಯನ್ನು ಮುಟ್ಟಿಲ್ಲವೆಂದರೆ ಕೊರತೆ ವಿಜ್ಞಾನದ ವೇಗದ್ದಲ್ಲ, ಅದನ್ನು ಊರಿನ ಮಾತಿಗೆ ಇಳಿಸಬೇಕಾದವರದು.

ಎಣಿಕೆಯ ಶಾಸ್ತ್ರಕ್ಕೆ ಬಂದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದು 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾದ ಯಳಂದೂರಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು ಮನೆಮನೆಗೆ ಜನರನ್ನು ಕಳುಹಿಸಿ 64,963 ಮಂದಿಯ ವಿಚಾರಣೆ ನಡೆಸಿದರು. 1998ರಲ್ಲಿ ಪ್ರಕಟವಾದ ಅದರ ವರದಿಯಂತೆ ಸಾವಿರಕ್ಕೆ 4.63 ಜನರಿಗೆ ಅಪಸ್ಮಾರವಿತ್ತು. ಅವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಬಿಸಿನೀರಿನಿಂದ ಬರುವ ಬಗೆ. ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ನಗರ ಮತ್ತು ಗ್ರಾಮಗಳಲ್ಲಿ 1,02,557 ಜನರ ನಡುವೆ ನಡೆಸಿ 2004ರಲ್ಲಿ ಪ್ರಕಟಿಸಿದ ಇನ್ನೊಂದು ಸಮೀಕ್ಷೆಯಲ್ಲಿ ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8, ಅದರಲ್ಲಿಯೂ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಒಂದೇ ನಾಡು, ಹೆಚ್ಚು ದೂರವಲ್ಲದ ಊರುಗಳು. ಆದರೂ ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ಇಷ್ಟೊಂದು ಅಂತರ. ಊರಿನಿಂದ ಊರಿಗೆ ರೋಗದ ಹರಹು ಬೇರೆಯಾಗಿರಬಹುದು. ಯಾರನ್ನು ರೋಗಿಯೆಂದು ಎಣಿಸಬೇಕೆಂಬ ಲಕ್ಷಣವಾಕ್ಯ ಬೇರೆಯಾಗಿರಬಹುದು. ಇವುಗಳ ಜೊತೆಗೆ, ಬಾಗಿಲಲ್ಲಿ ನಿಂತವನು ಯಾವ ಶಬ್ದದಲ್ಲಿ ಪ್ರಶ್ನೆ ಕೇಳಿದನು, ಒಳಗಿದ್ದವರು ಆ ಶಬ್ದಕ್ಕೆ ಯಾವ ಅರ್ಥ ಹಚ್ಚಿಕೊಂಡರು ಎಂಬುದಕ್ಕೂ ಎಣಿಕೆಯಲ್ಲಿ ಪಾಲಿಲ್ಲವೆ? ಸಂಖ್ಯೆಯ ಹಿಂದೆ ಯಾವಾಗಲೂ ಒಂದು ಶಬ್ದವಿರುತ್ತದೆ. ಸಂಖ್ಯೆಯನ್ನು ತಿದ್ದುವವರು ಗಣಿತಜ್ಞರು. ಶಬ್ದವನ್ನು ತಿದ್ದಬೇಕಾದವರು ಭಾಷೆ ಬಲ್ಲವರು.

ಆ ಶಬ್ದಗಳನ್ನೇ ನೋಡೋಣವಾಗಲಿ. ‘ಅಪಸ್ಮಾರ’ವೆಂಬುದು ಶಾಸ್ತ್ರದ ಮಾತು, ಸ್ಮೃತಿ ತೊಲಗುವುದು ಅದರ ಅರ್ಥ. ಚರಕಸಂಹಿತೆಯ ನಿದಾನಸ್ಥಾನದ ಎಂಟನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯವೂ ಇದಕ್ಕೇ ಮೀಸಲು. ವಾತ, ಪಿತ್ತ, ಕಫ, ಸನ್ನಿಪಾತಗಳೆಂದು ನಾಲ್ಕು ಬಗೆಯನ್ನು ಹೇಳಿ, ಶರೀರದ ದೋಷವನ್ನೇ ಮುಂದಿಟ್ಟು ಚರಕಾಚಾರ್ಯರು ಚಿಕಿತ್ಸೆಯನ್ನು ವಿಧಿಸುತ್ತಾರೆ. ಗ್ರೀಸ್ ದೇಶದಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದ ಗ್ರಂಥವೂ, ಜನರು ದೈವಿಕವೆಂದು ಕರೆಯುತ್ತಿದ್ದ ಈ ರೋಗವು ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲವೆಂದು ವಾದಿಸುತ್ತದೆ. ಎರಡು ಸಾವಿರ ವರ್ಷಗಳಾಚೆ ಇದನ್ನು ದೇಹದ ವ್ಯಾಧಿಯೆಂದು ಕಂಡವರಿದ್ದರು. ಇಂದು ಪದವಿ ಪಡೆದವರ ಮನೆಯಲ್ಲಿಯೂ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುವವರಿದ್ದಾರೆ. ಪ್ರಾಚೀನರ ಹೆಸರು ಹೇಳಿಕೊಂಡು ಪ್ರಾಚೀನರಿಗಿಂತ ಹಿಂದೆ ಬೀಳುವುದು ಎಂಥ ವಿಪರ್ಯಾಸ!

‘ಅಪಸ್ಮಾರ’ ಹಳ್ಳಿಯ ಬಾಯಲ್ಲಿ ಉಳಿಯಲಿಲ್ಲ. ಬಳಕೆಯಲ್ಲಿರುವುದು ‘ಮೂರ್ಛೆ’ ಮತ್ತು ‘ಫಿಟ್ಸ್’. ಮೂರ್ಛೆಯೆಂದರೆ ಎಚ್ಚರ ತಪ್ಪಿ ಬೀಳುವುದು. ಫಿಟ್ಸ್ ಎಂದೊಡನೆ ಜನರ ಕಣ್ಣಿಗೆ ಬರುವುದು ನೊರೆಯುಗುಳುತ್ತ ಕೈಕಾಲು ಸೆಟೆದುಕೊಂಡ ಚಿತ್ರ. ಈಚೆಗೆ ಆರೋಗ್ಯಪತ್ರಿಕೆಗಳಲ್ಲಿ ‘ಸೆಳವು’ ಎಂದೂ ಬರೆಯುತ್ತಾರೆ. ಅದು ಸೊಗಸಾದ ಮಾತೇ ಸರಿ. ಆದರೆ ಕಾವೇರಿ, ಲಕ್ಷ್ಮಣತೀರ್ಥಗಳ ದಡದವರಿಗೆ ಸೆಳವು ಎಂದರೆ ಹೊಳೆಯ ಸೆಳವು. ಬಿಸಿನೀರಿನ ಆಘಾತದಲ್ಲಿ ಬಹುಮಂದಿ ಬೀಳುವುದಿಲ್ಲ, ನೊರೆಯುಗುಳುವುದಿಲ್ಲ, ಕೂತಲ್ಲಿಯೇ ಮಂಕಾಗುತ್ತಾರೆ. ಹೀಗಿರುವಾಗ ‘ನಿಮ್ಮ ಮಗುವಿಗೆ ಮೂರ್ಛೆ ಬರುತ್ತದೆಯೆ?’ ಎಂದು ಕೇಳಿದರೆ ತಾಯಿ ‘ಇಲ್ಲ’ ಎನ್ನುತ್ತಾಳೆ. ಆಕೆ ಸುಳ್ಳು ಹೇಳಿದಂತಾಗಲಿಲ್ಲ, ಕೇಳಿದವನೂ ಕರ್ತವ್ಯಚ್ಯುತನಾಗಲಿಲ್ಲ. ಆದರೂ ರೋಗ ಲೆಕ್ಕಕ್ಕೆ ಸಿಕ್ಕಲಿಲ್ಲ.

ತಿಳಿದೂ ಬಚ್ಚಿಡುವವರ ಮಾತು ಬೇರೆ. ಅವರನ್ನು ಸುಮ್ಮನೆ ಹಳಿಯುವುದೂ ನ್ಯಾಯವಲ್ಲ, ಏಕೆಂದರೆ ಕಾನೂನೇ ಒಂದು ಕಾಲಕ್ಕೆ ಅವರನ್ನು ಹೆದರಿಸಿತ್ತು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯು ಮರುಕಳಿಸುವ ಉನ್ಮಾದದ ಜೊತೆಯಲ್ಲಿ ಅಪಸ್ಮಾರವನ್ನೂ ವಿವಾಹಕ್ಕೆ ಅಡ್ಡಿಯೆಂದು ಸೇರಿಸಿತ್ತು. 1999ರ ತಿದ್ದುಪಡಿಯಲ್ಲಿ ಆ ಶಬ್ದವನ್ನು ಕಿತ್ತುಹಾಕಲಾಯಿತು. ಗ್ರಂಥದಿಂದ ಹೋದುದು ಮನಸ್ಸಿನಿಂದ ಹೋಗಲು ಕಾಲು ಶತಮಾನವೂ ಸಾಲದೆ ಹೋಗಿದೆ. ಹೆಣ್ಣುಮಗಳಿಗೆ ಈ ರೋಗವಿದೆಯೆಂದು ಊರಿಗೆ ಗೊತ್ತಾದರೆ ಅವಳ ತಂಗಿಯ ಸಂಬಂಧವೂ ಮುರಿದೀತೆಂದು ಅಂಜುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಹುಡುಗನನ್ನು ಶಾಲೆ ಬಿಡಿಸಿ ದನದ ಹಿಂದೆ ಕಳುಹಿಸುವವರೂ ಇದ್ದಾರೆ. ಕೆರೆಯ ಏರಿಯ ಮೇಲೆ ಒಂಟಿಯಾಗಿ ತಿರುಗುವುದಕ್ಕಿಂತ ತರಗತಿಯ ಹಲಗೆಯ ಮೇಲೆ ಕೂರುವುದು ಅವನಿಗೆ ಸಾವಿರ ಪಾಲು ಕ್ಷೇಮವೆಂಬುದನ್ನು ಅವರು ಯೋಚಿಸುವುದಿಲ್ಲ.

ಬಚ್ಚಿಡುವುದರಿಂದಾಗುವ ನಷ್ಟವನ್ನು ಯಳಂದೂರೇ ತೋರಿಸಿಕೊಟ್ಟಿದೆ. ಅಲ್ಲಿ ಪತ್ತೆಯಾದ ಅಪಸ್ಮಾರಿಗಳಿಗೆ ಡಾ. ಮಣಿ ಮತ್ತು ಸಂಗಡಿಗರು ಅಗ್ಗದ ಹಳೆಯ ಔಷಧಗಳಾದ ಫೀನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಅವರ ಯೋಗಕ್ಷೇಮ ನೋಡಿಕೊಂಡರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶದಂತೆ ಹಳ್ಳಿಯಲ್ಲಿದ್ದುಕೊಂಡೇ, ದುಬಾರಿ ಯಂತ್ರಗಳ ನೆರವಿಲ್ಲದೆ, ಬಹುಮಂದಿಯನ್ನು ಹತೋಟಿಗೆ ತರಬಹುದು. ಔಷಧ ತೊಡಗುವ ಮೊದಲು ಕಡಿಮೆ ಸಲ ಆಘಾತ ಕಂಡವರಿಗೆ ಗುಣ ಹೆಚ್ಚು. ಬಿಸಿನೀರಿನ ಬಗೆಗಂತೂ ಎಷ್ಟೋ ವೇಳೆ ನಿತ್ಯವೂ ಔಷಧ ನುಂಗುವ ಅಗತ್ಯವೇ ಬೀಳದು. ಉಗುರುಬೆಚ್ಚಗಿನ ನೀರು ಸಾಕು. ಅದನ್ನು ಮೊದಲು ಮೈಗೆ ಹಾಕಿ, ತಲೆಗೆ ಒಮ್ಮೆಲೇ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಇಷ್ಟರಿಂದ ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ಪ್ರಮಾಣವನ್ನು ಅವರೇ ನಿಶ್ಚಯಿಸಬೇಕು. ಕೆಲವರಲ್ಲಿ ಮುಂದೆ ನೀರಿನ ಸಂಪರ್ಕವಿಲ್ಲದೆಯೂ ಆಘಾತಗಳು ತೊಡಗುವುದರಿಂದ ‘ತಣ್ಣೀರು ಹಾಕಿದರಾಯಿತು’ ಎಂದು ಮನೆಯವರೇ ತೀರ್ಮಾನಿಸಿ ಕೂರುವುದು ತರವಲ್ಲ. ಮೈಸೂರಿಗೋ ಬೆಂಗಳೂರಿಗೋ ಓಡಬೇಕೆಂಬ ಅಂಜಿಕೆ ಬೇಡ; 2022ರಲ್ಲಿ ತೊಡಗಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಪಸ್ಮಾರದ ಚಿಕಿತ್ಸೆಯನ್ನು ನಿಮ್ಹಾನ್ಸ್ ತಜ್ಞರೇ ಕಲಿಸತೊಡಗಿದ್ದಾರೆ.

ಯಾವ ಬಗೆಯ ಅಪಸ್ಮಾರವೇ ಆಗಲಿ, ಮಗು ತರಗತಿಯಲ್ಲಿ ಬಿದ್ದರೆ ಅಧ್ಯಾಪಕರು ಏನು ಮಾಡಬೇಕೆಂಬುದನ್ನೂ ಹೇಳಬೇಕಾಗಿದೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು, ಈರುಳ್ಳಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು ಇವೆಲ್ಲ ನಿಷ್ಪ್ರಯೋಜಕ, ಕೊನೆಯದಂತೂ ಅಪಾಯಕರ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಮೆತ್ತಗಿನದೇನನ್ನಾದರೂ ಇಟ್ಟು, ಕೊರಳ ಗುಂಡಿ ಸಡಿಲಿಸಿ, ಸುತ್ತ ನೆರೆದವರನ್ನು ದೂರ ಸರಿಸಿ ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಾದ ಮೇಲೆ ಉಳಿದ ಹುಡುಗರು ಆ ಮಗುವನ್ನು ಹೇಗೆ ನೋಡುತ್ತಾರೆಂಬುದು ಅಧ್ಯಾಪಕರ ಮುಂದಿನ ಎರಡು ಮಾತನ್ನು ಅವಲಂಬಿಸಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ದಿನವೊಂದಕ್ಕೆ ಅಷ್ಟೊಂದು ಮಕ್ಕಳನ್ನು ನೋಡಬೇಕಾದವರಿಗೆ ಬಚ್ಚಲಿನ ಕಥೆ ಕೇಳುವ ವ್ಯವಧಾನವಿರದು. ಆ ಕಥೆಯನ್ನು ಮೊದಲೇ ಸಂಗ್ರಹಿಸಿಡುವುದು ಶಾಲೆಗೆ ಕಷ್ಟವಲ್ಲ. ಬೆಟ್ಟದಪುರ ಹೋಬಳಿಯ ಶಾಲೆಗಳಲ್ಲಿ ತಾಯಂದಿರ ಸಭೆ ಸೇರಿದಾಗ ಮೂರ್ಛೆ, ಫಿಟ್ಸ್ ಎಂಬ ಮಾತುಗಳನ್ನೇ ಎತ್ತದೆ ಕೇಳಬೇಕು: ತಲೆಗೆ ನೀರು ಹುಯ್ಯುವಾಗ ಮಗು ಕಣ್ಣು ನೆಟ್ಟು ಕೂತುಬಿಡುವುದುಂಟೆ? ಕರೆದರೆ ಓಗೊಡದೆ ಇರುವುದುಂಟೆ? ಸಾಕೆಂದರೂ ಕೇಳದೆ ನೀರು ಸುರಿದುಕೊಳ್ಳುತ್ತಲೇ ಇರುವುದುಂಟೆ? ಆಮೇಲೆ ಕೇಳಿದರೆ ಏನಾಯಿತೆಂದು ಹೇಳಲಾರದೆ ಹೋಗುವುದುಂಟೆ? ಹೌದೆಂದವರ ಮಕ್ಕಳ ಹೆಸರನ್ನು ಗುಟ್ಟಾಗಿ ಒಂದು ಪುಸ್ತಕದಲ್ಲಿ ಬರೆದಿಟ್ಟು, ವೈದ್ಯರು ಬಂದ ದಿನ ಅವರ ಕೈಗೆ ಕೊಟ್ಟರೆ ಸಾಕು.